ತುರ್ತುಪರಿಸ್ಥಿತಿಯ ಮೌನ, ಕುದುರೆಮುಖದ ಮಣ್ಣು



‘ಈ ದೇಶಕ್ಕೆ ಒಬ್ಬ ಗಟ್ಟಿ ಸರ್ವಾಧಿಕಾರಿ ಬೇಕು, ಆಗಲೇ ಎಲ್ಲವೂ ನೆಟ್ಟಗಾಗುವುದು’ ಎಂಬ ಮಾತನ್ನು ಕೇಳದ ಊರು ನಮ್ಮ ಘಟ್ಟದ ಸೀಮೆಯಲ್ಲಿ ಬಹುಶಃ ಒಂದೂ ಇಲ್ಲ. ಸೊಸೈಟಿಯ ಜಗಲಿಯಲ್ಲಿ, ಅಡಿಕೆ ಮಂಡಿಯಲ್ಲಿ, ಬಸ್ಸು ಕಾಯುವ ಕಟ್ಟೆಯಲ್ಲಿ ಈ ಮಾತು ಎದ್ದಾಗ ಸುತ್ತಲಿನವರು ತಲೆಯಾಡಿಸುತ್ತಾರೆ. ಹೀಗೆ ಹೇಳುವವರು ಕೆಟ್ಟವರಲ್ಲ. ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು, ಮಳೆಗಾಲದಲ್ಲಿ ಕಾಲುಸಂಕ ದಾಟಲಾರದೆ ಮಕ್ಕಳನ್ನು ಶಾಲೆ ಬಿಡಿಸಿದವರು, ಚುನಾವಣೆಯ ನಂತರ ಶಾಸಕರ ಮುಖ ಕಾಣದವರು. ಅವರ ಬೇಸರ ನಿಜವಾದುದು. ಆದರೆ ಅವರು ಬಯಸುವ ಗಟ್ಟಿ ಆಡಳಿತವನ್ನು ಈ ದೇಶ ಒಮ್ಮೆ ಅನುಭವಿಸಿದೆ. 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗೆ, ಸುಮಾರು 21 ತಿಂಗಳ ಕಾಲ. ಆ ಅವಧಿಯಲ್ಲಿ ನಾಯಕರೆನಿಸಿಕೊಂಡವರು ಏನು ಮಾಡಿದರು, ಜನರು ಏನನ್ನು ಮಾಡದೆ ಉಳಿದರು, ಅದರ ಬೆಲೆಯನ್ನು ನಮ್ಮ ಗುಡ್ಡ ಮತ್ತು ಹೊಳೆಗಳು ಹೇಗೆ ತೆತ್ತವು ಎಂಬುದನ್ನು ಆ ದಿನಗಳನ್ನು ಕಾಣದ ತಲೆಮಾರಿನ ಮುಂದೆ ಇಡಬೇಕಾಗಿದೆ.

ಬೆಳಗಾಗುವುದರೊಳಗೆ ಮುಗಿದ ಪ್ರಜಾಪ್ರಭುತ್ವ

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 24ರಂದು ಸುಪ್ರೀಂ ಕೋರ್ಟಿನ ರಜಾಕಾಲದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ನೀಡಿದರು: ಪ್ರಧಾನಿಯಾಗಿ ಮುಂದುವರಿಯಬಹುದು, ಆದರೆ ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ. ಮರುದಿನ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರ ಬೃಹತ್ ಸಭೆ ನಡೆಯಿತು. ಅದೇ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಕೇಂದ್ರ ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮಾರನೆಯ ಬೆಳಿಗ್ಗೆ. ಅಷ್ಟು ಹೊತ್ತಿಗೆ ವಿರೋಧ ಪಕ್ಷಗಳ ಪ್ರಮುಖರ ಬಂಧನ ನಡೆದಿತ್ತು, ದೆಹಲಿಯ ಪತ್ರಿಕೆಗಳ ಮುದ್ರಣ ಯಂತ್ರಗಳಿಗೆ ವಿದ್ಯುತ್ ನಿಂತುಹೋಗಿತ್ತು.

ಇಡೀ ದೇಶದ ಸ್ವಾತಂತ್ರ್ಯವನ್ನು ಒಂದು ರಾತ್ರಿಯಲ್ಲಿ ಕಿತ್ತುಕೊಂಡ ನಿರ್ಧಾರವನ್ನು ಆಮೇಲೆ ತಿಳಿದುಕೊಂಡ ಮಂತ್ರಿಗಳಲ್ಲಿ ಒಬ್ಬರಾದರೂ ಅಂದು ರಾಜೀನಾಮೆ ಬಿಸಾಡಿ ಹೊರಬರಲಿಲ್ಲ. ಅವರಲ್ಲಿ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರಿದ್ದರು, ಕಾನೂನು ಪಂಡಿತರಿದ್ದರು. ಕಾಂಗ್ರೆಸ್ ಅಧ್ಯಕ್ಷ ಡಿ.ಕೆ. ಬರೂವಾ ಅವರು ‘ಇಂದಿರಾ ಎಂದರೆ ಇಂಡಿಯಾ’ ಎಂದು ಸಾರುತ್ತ ತಿರುಗಿದರು. ಅಧಿಕಾರದ ಪಕ್ಕದಲ್ಲಿ ಕುಳಿತವರು ಬೆನ್ನುಮೂಳೆ ಕಳೆದುಕೊಂಡಾಗ ಅದು ಒಬ್ಬ ವ್ಯಕ್ತಿಯ ತಪ್ಪಾಗಿ ಉಳಿಯುವುದಿಲ್ಲ, ಇಡೀ ನಾಯಕತ್ವದ ಪತನವಾಗುತ್ತದೆ.

ಸಂಸತ್ತಿನ ಕಥೆ ಇನ್ನೂ ದಾರುಣ. ಆಗಸ್ಟ್ ತಿಂಗಳಲ್ಲಿ ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಡುವ 39ನೆಯ ತಿದ್ದುಪಡಿಯು ಎರಡೂ ಸದನಗಳನ್ನು ದಾಟಿ, ರಾಜ್ಯಗಳ ಶಾಸನಸಭೆಗಳ ಅನುಮೋದನೆ ಪಡೆದು, ರಾಷ್ಟ್ರಪತಿಗಳ ಅಂಕಿತ ಬೀಳಲು ಕೆಲವೇ ದಿನಗಳು ಸಾಕಾದವು. ನಮ್ಮ ಹಳ್ಳಿಯ ಒಂದು ಪಹಣಿ ತಿದ್ದುಪಡಿಗೆ ವರ್ಷಗಟ್ಟಲೆ ಹಿಡಿಯುವ ದೇಶದಲ್ಲಿ ಸಂವಿಧಾನದ ತಿದ್ದುಪಡಿ ವಾರವೊಂದರೊಳಗೆ ಮುಗಿಯಿತು! ಸಂಸತ್ತಿನ ಕಲಾಪಗಳನ್ನು ನಿರ್ಭಯವಾಗಿ ವರದಿ ಮಾಡಲು ಪತ್ರಿಕೆಗಳಿಗೆ ರಕ್ಷಣೆ ಕೊಡುತ್ತಿದ್ದ 1956ರ ಕಾಯಿದೆಯನ್ನು ತಂದವರು ಫಿರೋಜ್ ಗಾಂಧಿ. ಅದನ್ನು ರದ್ದುಪಡಿಸಿದ್ದು ಅವರ ಪತ್ನಿಯ ಸರ್ಕಾರ.

ಕೊನೆಯ ಆಸರೆಯಾದ ನ್ಯಾಯಾಲಯವೂ ಬಾಗಿತು. ವಿಚಾರಣೆಯಿಲ್ಲದೆ ಬಂಧಿಸಲ್ಪಟ್ಟವರು ನ್ಯಾಯಾಲಯದ ಮೊರೆಹೋಗಬಹುದೆಂದು ಒಂಬತ್ತು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು 4-1ರ ಬಹುಮತದಿಂದ ಆ ಬಾಗಿಲನ್ನೂ ಮುಚ್ಚಿತು. ಒಬ್ಬ ಪೊಲೀಸ್ ಅಧಿಕಾರಿ ದ್ವೇಷದಿಂದ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂಬ ಪ್ರಶ್ನೆಗೆ, ತುರ್ತುಪರಿಸ್ಥಿತಿ ಇರುವಷ್ಟು ಕಾಲ ಇಲ್ಲ ಎಂಬ ಅರ್ಥದ ಉತ್ತರವನ್ನು ಸರ್ಕಾರದ ಪರ ಅಟಾರ್ನಿ ಜನರಲ್ ನೀಡಿದ್ದರು. ಭಿನ್ನ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದಿನ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು.

‘ನಮ್ಮ ಮನೆಗೆ ಬಂದಿಲ್ಲವಲ್ಲ’

ನಾಯಕರು ಸೋತಾಗ ಜನ ಎಚ್ಚರವಾಗಿರಬೇಕು. ನಮ್ಮ ಜನ ಎಚ್ಚರವಾಗಿದ್ದರೇ?

ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿವೆ, ಗುಮಾಸ್ತರು ಹತ್ತು ಗಂಟೆಗೇ ಕುರ್ಚಿಯಲ್ಲಿರುತ್ತಾರೆ, ಮುಷ್ಕರಗಳಿಲ್ಲ ಎಂದು ಓದುಬರಹ ಬಲ್ಲ ಮಧ್ಯಮ ವರ್ಗ ಸಂತೃಪ್ತಿಯಿಂದಿತ್ತು. ಅದೇ ಹೊತ್ತಿಗೆ ಕಾನೂನಿನ ಹೆಸರಿನಲ್ಲಿ ಏನು ನಡೆಯುತ್ತಿತ್ತು? ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಪ್ರಕಾರ ‘ಮೀಸಾ’ ಮತ್ತು ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾದವರ ಸಂಖ್ಯೆ 1 ಲಕ್ಷ 10 ಸಾವಿರಕ್ಕೂ ಹೆಚ್ಚು. 1976-77ನೇ ಸಾಲಿನಲ್ಲಿ 81 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಇದರಲ್ಲಿ ಬಲವಂತಕ್ಕೆ ಹೆಚ್ಚಾಗಿ ಬಲಿಯಾದವರು ಉತ್ತರ ಭಾರತದ ಹಳ್ಳಿಗಳ ಬಡವರು, ದಲಿತರು, ಮುಸ್ಲಿಮರು. ದೆಹಲಿಯ ತುರ್ಕ್‌ಮನ್ ಗೇಟಿನಲ್ಲಿ ಮನೆಗಳ ಮೇಲೆ ಬುಲ್‌ಡೋಜರ್ ಹರಿಯಿತು. ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತು. ಸೆನ್ಸಾರ್‌ನ ಕತ್ತರಿಗೆ ಸಿಕ್ಕಿದ ಪತ್ರಿಕೆಗಳಲ್ಲಿ ಇವಾವುವೂ ಬರಲಿಲ್ಲ. ಪತ್ರಿಕೆಗಳು ಬರೆಯದಿದ್ದುದಕ್ಕೆ ಭಯ ಕಾರಣ. ಓದುಗರು ಕೇಳದಿದ್ದುದಕ್ಕೆ?

ಕರ್ನಾಟಕದಲ್ಲೂ ಕತ್ತಲು ಕಡಿಮೆ ಇರಲಿಲ್ಲ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಇಲ್ಲಿಯೇ ಬಂಧಿತರಾದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಬೆಂಗಳೂರು ಸೆರೆಮನೆಗೆ ತಳ್ಳಲಾಯಿತು. ತೀವ್ರ ಉಬ್ಬಸದಿಂದ ನರಳುತ್ತಿದ್ದ ಅವರನ್ನು ಪರೋಲಿನ ಮೇಲೆ ಬಿಟ್ಟದ್ದು 1977ರ ಜನವರಿಯಲ್ಲಿ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ತಮ್ಮ ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಅಂತಹ ಎದೆಗಾರಿಕೆಯವರು ಇದ್ದರು, ಆದರೆ ಬೆರಳೆಣಿಕೆಯಷ್ಟು.

1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಭಾರತದ ಅನಕ್ಷರಸ್ಥ ರೈತ ಸರ್ವಾಧಿಕಾರವನ್ನು ಬುಡಸಹಿತ ಕಿತ್ತೊಗೆದ. ಇಂದಿರಾ ಗಾಂಧಿಯವರೇ ರಾಯಬರೇಲಿಯಲ್ಲಿ ಸೋತರು. ಆದರೆ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಇದಕ್ಕೆ ನಮ್ಮ ಜನರನ್ನು ದಡ್ಡರೆನ್ನುವುದು ಅನ್ಯಾಯ. ದೇವರಾಜ ಅರಸು ಅವರ ಭೂಸುಧಾರಣೆಯಿಂದ ತಲೆತಲಾಂತರದ ಗೇಣಿದಾರ ಹೊಲದೊಡೆಯನಾದ. ಮಲೆನಾಡು ಕರಾವಳಿಗಳಲ್ಲಿ ಅದು ದೊಡ್ಡ ಬಿಡುಗಡೆ. ಆ ಋಣವನ್ನು ಜನ ಮತದಲ್ಲಿ ತೀರಿಸಿದರು.

ಆದರೆ ಇಲ್ಲೊಂದು ಸತ್ಯವನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ‘ಬಿಗಿ ಆಡಳಿತವಿದ್ದುದರಿಂದಲೇ ಭೂಮಿ ಸಿಕ್ಕಿತು’ ಎಂಬುದು ಸುಳ್ಳು. ಆ ಭೂಸುಧಾರಣಾ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ತುರ್ತುಪರಿಸ್ಥಿತಿಗೆ ಒಂದು ವರ್ಷಕ್ಕೂ ಹಿಂದೆ. ಅದು ಮುಕ್ತವಾದ ಶಾಸನಸಭೆಯಲ್ಲಿ ಹುಟ್ಟಿದ ಕಾನೂನು. ಅದರ ಬೆನ್ನಿಗೆ ಕಾಗೋಡು ಸತ್ಯಾಗ್ರಹದಿಂದ ಮೊದಲ್ಗೊಂಡು ದಶಕಗಳ ರೈತ ಹೋರಾಟವಿತ್ತು. ಗೇಣಿದಾರನಿಗೆ ಭೂಮಿ ಕೊಟ್ಟದ್ದು ಪ್ರಜಾಪ್ರಭುತ್ವ. ಅದರ ಕೀರ್ತಿಯನ್ನು ಹೊತ್ತುಕೊಂಡದ್ದು ಸರ್ವಾಧಿಕಾರ. ಭೂಮಿ ಪಡೆದವನು ನ್ಯಾಯಮಂಡಲಿಯ ಮುಂದೆ ಮಾತಾಡುವ ಹಕ್ಕನ್ನು ತನ್ನ ಗೆಲುವೆಂದು ತಿಳಿದ; ಬೇರೊಬ್ಬನ ಬಾಯಿಗೆ ಬೀಗ ಬಿದ್ದುದನ್ನು ತನ್ನ ಸೋಲೆಂದು ತಿಳಿಯಲಿಲ್ಲ. ‘ನಮ್ಮ ಮನೆಗೆ ಬಂದಿಲ್ಲವಲ್ಲ’ ಎಂಬ ಸಮಾಧಾನವೇ ಎಲ್ಲ ಸರ್ವಾಧಿಕಾರಿಗಳ ಬಂಡವಾಳ.

ಉಂಬಳ ಕಚ್ಚಿದಾಗ ನೋವಾಗುವುದಿಲ್ಲ

ಮಳೆಗಾಲದಲ್ಲಿ ಕಾಡು ಹೊಕ್ಕವರಿಗೆ ಗೊತ್ತು: ಉಂಬಳ ರಕ್ತ ಹೀರುವಾಗ ನೋವಾಗುವುದಿಲ್ಲ. ಮನೆಗೆ ಬಂದು ಕಾಲು ನೋಡಿಕೊಂಡಾಗಲೇ ರಕ್ತ ಕಾಣುವುದು. ತುರ್ತುಪರಿಸ್ಥಿತಿ ನಮ್ಮ ಮನೆಗೆ ಬಂದಿಲ್ಲವೆಂದು ಮಲೆನಾಡು ತಿಳಿದುಕೊಂಡಿದ್ದ ಕಾಲದಲ್ಲಿಯೇ ಅದು ಕುದುರೆಮುಖಕ್ಕೆ ಬಂದಿತ್ತು.

1975ರ ನವೆಂಬರಿನಲ್ಲಿ ಭಾರತ ಮತ್ತು ಇರಾನ್ ಸರ್ಕಾರಗಳ ನಡುವೆ ಕುದುರೆಮುಖದ ಕಬ್ಬಿಣದ ಅದಿರಿನ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, ಪ್ರತಿಯಾಗಿ ನಾವು ಅದಿರನ್ನು ಕಳಿಸಬೇಕು. 1976ರ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿತ ಅದಿರು ತೆಗೆಯುವ ಯೋಜನೆ. ಗಣಿಯ ಆಲೋಚನೆ ತುರ್ತುಪರಿಸ್ಥಿತಿಯಲ್ಲಿ ಹುಟ್ಟಿದ್ದಲ್ಲ, ಅದಿರಿನ ಶೋಧನೆ ಅದಕ್ಕೂ ಮೊದಲೇ ನಡೆದಿತ್ತು. ಆದರೆ ತೂಗುಯ್ಯಾಲೆಯಲ್ಲಿದ್ದ ಯೋಜನೆಗೆ ಅಂತಿಮ ಒಪ್ಪಿಗೆಯ ಮುದ್ರೆ ಬಿದ್ದದ್ದು, ಒಬ್ಬರೂ ಎದ್ದು ನಿಂತು ಪ್ರಶ್ನೆ ಕೇಳಲಾಗದ ಆ 21 ತಿಂಗಳುಗಳಲ್ಲಿ.

ಒಪ್ಪಂದದ ಎರಡೂ ಕಡೆಯವರನ್ನು ನೋಡಿ. ಇರಾನಿನ ದೊರೆ ಷಾ ಅದೇ 1975ರಲ್ಲಿ ತನ್ನ ದೇಶದ ಪಕ್ಷಗಳನ್ನೆಲ್ಲ ಮುಗಿಸಿ ಒಂದೇ ಪಕ್ಷದ ಆಡಳಿತ ಸ್ಥಾಪಿಸಿದ್ದ. ಈ ಕಡೆ ಭಾರತದಲ್ಲಿ ವಿರೋಧ ಪಕ್ಷಗಳು ಜೈಲಿನಲ್ಲಿದ್ದವು. ಜನರ ಬಾಯಿ ಕಟ್ಟಿದ ಎರಡು ಪ್ರಭುತ್ವಗಳು ಸೇರಿ ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಹಣೆಬರಹ ಬರೆದವು. ಭದ್ರೆಯ ಕೆಳಗಿನ ರೈತನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಕಾನೂನೂ ಇರಲಿಲ್ಲ. ಅರಣ್ಯ ಸಂರಕ್ಷಣಾ ಕಾಯಿದೆ ಬಂದದ್ದು 1980ರಲ್ಲಿ, ಪರಿಸರ ಸಂರಕ್ಷಣಾ ಕಾಯಿದೆ 1986ರಲ್ಲಿ.

1979ರಲ್ಲಿ ಷಾ ಪದಚ್ಯುತನಾದ. ಇರಾನಿನ ಸಾಲದ ಕಂತು ನಡುವೆಯೇ ನಿಂತಿತು, ಅದಿರು ಕೊಳ್ಳಬೇಕಾದ ಗಿರಾಕಿಯೇ ಮಾಯವಾದ. ಅಷ್ಟರಲ್ಲಿ ಇಲ್ಲಿ ಗುಡ್ಡ ಬಗೆದಾಗಿತ್ತು, ಲಕ್ಯಾ ಹೊಳೆಗೆ ಗಣಿಯ ಕೆಸರನ್ನು ಹಿಡಿದಿಡುವ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಏಳುತ್ತಿತ್ತು, ಘಟ್ಟ ಇಳಿದು ಮಂಗಳೂರಿಗೆ ಅದಿರು ಸಾಗಿಸುವ ಕೊಳವೆ ಬಿದ್ದಿತ್ತು. ದೊರೆ ಓಡಿಹೋದ, ತುರ್ತುಪರಿಸ್ಥಿತಿ ಮುಗಿಯಿತು, ಗಣಿ ಮಾತ್ರ ಉಳಿಯಿತು.

ಆ ನಿರ್ಧಾರವನ್ನು ಹಿಂದಕ್ಕೆ ತೆಗೆಯಲು ಎಷ್ಟು ಕಾಲ ಬೇಕಾಯಿತು? 1987ರಲ್ಲಿ ಅದೇ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು, ಗಣಿ ನಿಲ್ಲಲಿಲ್ಲ. 1999ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು, ಗಣಿ ನಿಲ್ಲಲಿಲ್ಲ. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದಳು. ಪರಿಸರ ಸಂಘಟನೆಗಳು, ರೈತರು, ವಿದ್ಯಾರ್ಥಿಗಳು ಬೀದಿಗಿಳಿದು, ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗಣಿ ನಿಂತದ್ದು 2005ರ ಡಿಸೆಂಬರ್ 31ರಂದು. ಪ್ರಶ್ನೆ ಕೇಳಲಾಗದ ಕೆಲವು ತಿಂಗಳುಗಳಲ್ಲಿ ಆದ ತೀರ್ಮಾನವನ್ನು ಅಳಿಸಲು ಪ್ರಶ್ನೆ ಕೇಳುವ ಜನರಿಗೆ ಮೂವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಹೋದ ಮಣ್ಣು ಮರಳಿ ಬರುವುದಿಲ್ಲ.

ಎದುರಾಳಿಗಳೂ ಸೋತರು

ಇದು ಒಂದೇ ಪಕ್ಷದ ಮೇಲಿನ ದೂರಲ್ಲ. 1977ರಲ್ಲಿ ಜನ ಕೊಟ್ಟ ಅಪೂರ್ವ ಅವಕಾಶವನ್ನು ಜನತಾ ನಾಯಕರು ಕುರ್ಚಿಯ ಜಗಳದಲ್ಲಿ ಕಳೆದುಕೊಂಡರು. ಅವರು ಮಾಡಿದ ಒಳ್ಳೆಯ ಕೆಲಸವನ್ನು ಮರೆಯಬಾರದು: 1978ರ 44ನೆಯ ತಿದ್ದುಪಡಿಯು ಮಂತ್ರಿಮಂಡಲದ ಲಿಖಿತ ಸಲಹೆಯಿಲ್ಲದೆ ತುರ್ತುಪರಿಸ್ಥಿತಿ ಘೋಷಿಸದಂತೆ, ಜೀವಿಸುವ ಹಕ್ಕನ್ನು ಎಂದೂ ಅಮಾನತಿನಲ್ಲಿಡದಂತೆ ಬೇಲಿ ಕಟ್ಟಿತು. ಆದರೆ ತುರ್ತುಪರಿಸ್ಥಿತಿಯಲ್ಲಿ ಗುಟ್ಟಾಗಿ ಆದ ಯೋಜನೆಗಳನ್ನು ಜನರ ಮುಂದಿಟ್ಟು ಮರುಪರಿಶೀಲಿಸುವ ಕೆಲಸಕ್ಕೆ ಅವರು ಕೈಹಾಕಲಿಲ್ಲ. ಕುದುರೆಮುಖದ ಯಂತ್ರಗಳು ಅವರ ಆಳ್ವಿಕೆಯಲ್ಲೂ ಸದ್ದು ಮಾಡುತ್ತಲೇ ಇದ್ದವು.

1978ರ ನವೆಂಬರಿನಲ್ಲಿ ಇಡೀ ದೇಶದ ಕಣ್ಣು ಚಿಕ್ಕಮಗಳೂರಿನ ಮೇಲಿತ್ತು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿ ನಿಂತು, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ದೆಹಲಿಯ ದೊಡ್ಡವರೆಲ್ಲ ಬಂದು ಹೋದರು. ಇಂದಿರಾ ಗೆಲ್ಲುವರೇ ಸೋಲುವರೇ ಎಂಬ ಪಂದ್ಯದಲ್ಲಿ ನಾವು ಮೈಮರೆತೆವು. ಅದೇ ಜಿಲ್ಲೆಯ ಬೆಟ್ಟವನ್ನು ಯಾರನ್ನು ಕೇಳಿ ಅಗೆಯುತ್ತಿದ್ದೀರಿ ಎಂಬ ಪ್ರಶ್ನೆ ಎರಡೂ ವೇದಿಕೆಗಳ ಮುಂದೆ ಗುಡುಗಬೇಕಿತ್ತು. ಮುಂದಿನ ವರ್ಷ ಜನತಾ ಸರ್ಕಾರ ತನ್ನ ಭಾರಕ್ಕೆ ತಾನೇ ಕುಸಿಯಿತು. 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಮತ್ತೆ ಪ್ರಧಾನಿಯಾದರು. ಯಜಮಾನ ಬದಲಾದರೆ ಸಾಕು, ಪ್ರಶ್ನೆ ಕೇಳುವ ಅಭ್ಯಾಸ ಬೇಡ ಎಂಬ ಸಮಾಜಕ್ಕೆ ಸಿಗುವುದು ಇಷ್ಟೇ.

ಕಾಗದದ ಹಕ್ಕಿಗೆ ಜೀವ ಕೊಟ್ಟವರು ಯಾರು?

ತುರ್ತುಪರಿಸ್ಥಿತಿಯನ್ನು ಸಮರ್ಥಿಸುವವರ ಬಳಿ ಪರಿಸರದ ವಾದವೂ ಒಂದಿದೆ. ಸಂವಿಧಾನಕ್ಕೆ ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯ ಮಾತನ್ನು ಸೇರಿಸಿದ 48ಎ ಮತ್ತು 51ಎ (ಜಿ) ವಿಧಿಗಳು ಬಂದದ್ದು 1976ರ 42ನೆಯ ತಿದ್ದುಪಡಿಯಿಂದಲೇ. ಅರಣ್ಯವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದದ್ದೂ ಅದೇ. ಇದು ನಿಜ, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಕಾಡನ್ನು ಕಾಪಾಡಬೇಕೆಂದು ಬರೆದ ಸರ್ಕಾರವೇ ಅದೇ ವರ್ಷ ಕುದುರೆಮುಖದ ಕಂಪನಿಯನ್ನು ಕಟ್ಟಿತು. ನ್ಯಾಯಾಲಯದ ಬಾಯಿ ಮುಚ್ಚಿಸಿದ ತಿದ್ದುಪಡಿಯೊಳಗೆ ಕಾಡಿನ ರಕ್ಷಣೆಯ ಸಾಲು ಇದ್ದರೆ, ಆ ಸಾಲನ್ನು ಹಿಡಿದು ಕೇಳುವವರಾದರೂ ಯಾರು?

ಆ ಅಕ್ಷರಗಳಿಗೆ ಜೀವ ಬಂದದ್ದು ಜನರ ಬಾಯಿ ತೆರೆದ ಮೇಲೆ. ಶುದ್ಧ ನೀರು, ಶುದ್ಧ ಗಾಳಿ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದ್ದು 21ನೆಯ ವಿಧಿಯ ಆಧಾರದಿಂದ. 1976ರಲ್ಲಿ ಅದೇ ನ್ಯಾಯಾಲಯ ಜನರ ಕೈಗೆ ಸಿಗದಂತೆ ಮಾಡಿದ್ದೂ ಅದೇ 21ನೆಯ ವಿಧಿಯನ್ನು. ಆ ತೀರ್ಪು ತಪ್ಪೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಸಾರಿದ್ದು 2017ರ ಆಗಸ್ಟ್ 24ರಂದು, ನಲವತ್ತೊಂದು ವರ್ಷಗಳ ನಂತರ. ನಾವು ಹೊಳೆಗಾಗಿ ಹೂಡುವ ಪ್ರತಿಯೊಂದು ದಾವೆಯೂ ನಿಂತಿರುವುದು ನಾಗರಿಕ ಸ್ವಾತಂತ್ರ್ಯದ ಅಡಿಪಾಯದ ಮೇಲೆ. ‘ನಮಗೆ ರಾಜಕೀಯ ಬೇಡ, ಪರಿಸರವಷ್ಟೇ ಸಾಕು’ ಎನ್ನುವ ಗೆಳೆಯರು ಇದನ್ನು ಯೋಚಿಸಬೇಕು.

ಘೋಷಣೆಯಿಲ್ಲದ ಮೌನ

ಇಂದು ಯಾವ ತುರ್ತುಪರಿಸ್ಥಿತಿಯ ಘೋಷಣೆಯೂ ಜಾರಿಯಲ್ಲಿಲ್ಲ. ಹಾಗಿದ್ದೂ ನಮ್ಮ ಗ್ರಾಮಸಭೆಗಳಲ್ಲಿ ಎಷ್ಟು ಜನ ಸೇರುತ್ತಾರೆ? ಕೋರಂ ಇಲ್ಲದೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು ಹೋಗುವುದನ್ನು ನಾವೆಲ್ಲ ಕಂಡಿಲ್ಲವೇ? ಪರಿಸರ ಅಹವಾಲು ಸಭೆ ಜಿಲ್ಲಾಧಿಕಾರಿಗಳ ಸಮ್ಮುಖದಲ್ಲಿ ನಡೆಯುವಾಗ ವರದಿಯನ್ನು ಮುಂಚಿತವಾಗಿ ಓದಿ ಬಂದವರು ಎಷ್ಟು ಮಂದಿ?

ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಿ ಎಂಬುದು ಅದರ ತಿರುಳು. ಕೇಂದ್ರ ಸಚಿವಾಲಯ ಆ ವರದಿಯನ್ನೇ ತಿಂಗಳುಗಟ್ಟಲೆ ಬಚ್ಚಿಟ್ಟಿತು. ಮಾಹಿತಿ ಹಕ್ಕಿನ ಹೋರಾಟ ದೆಹಲಿ ಹೈಕೋರ್ಟಿನವರೆಗೆ ಹೋದ ಮೇಲೆ 2012ರಲ್ಲಿ ಅದು ಹೊರಬಂತು. ಆಮೇಲೆ ಎಲ್ಲ ಪಕ್ಷಗಳ ನಾಯಕರೂ ಪೈಪೋಟಿಯ ಮೇಲೆ ಅದನ್ನು ವಿರೋಧಿಸಿದರು, ‘ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಎಂದು ಹೆದರಿಸಿದರು. ವರದಿಯ ಒಂದು ಪುಟವನ್ನೂ ಓದದೆ ನಾವು ಅವರ ಹಿಂದೆ ಘೋಷಣೆ ಕೂಗಿದೆವು. ಓದಿದ ಮೇಲೆ ವಿರೋಧಿಸುವ ಹಕ್ಕು ಎಲ್ಲರಿಗೂ ಇದೆ. ಓದದೆಯೇ ಒಪ್ಪುವುದೂ ಓದದೆಯೇ ವಿರೋಧಿಸುವುದೂ ಒಂದೇ ಉದಾಸೀನದ ಎರಡು ಮುಖಗಳು.

ಕೊಳೆರೋಗ ಬಂದ ಮೇಲೆ ಮದ್ದು ಹೊಡೆದರೆ ಕೊನೆ ಉಳಿಯುವುದಿಲ್ಲವೆಂಬುದು ಪ್ರತಿಯೊಬ್ಬ ಅಡಿಕೆ ಬೆಳೆಗಾರನಿಗೂ ಗೊತ್ತು. ಮಳೆ ಹಿಡಿಯುವ ಮೊದಲೇ ಮರ ಹತ್ತಬೇಕು. ಪ್ರಜಾಪ್ರಭುತ್ವದ ಆರೈಕೆಯೂ ಹಾಗೆಯೇ. ಆದ್ದರಿಂದ ನಮ್ಮ ಕೋರಿಕೆ ಇಷ್ಟು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಂತೆ, ಹೆಂಗಸರೂ ಸೇರಿ, ತಪ್ಪದೆ ಹೋಗಿ. ಹಿಂದಿನ ಸಭೆಯ ನಡಾವಳಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ. ಓದದ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ಊರಿನ ಕಾಡು, ಗೋಮಾಳ, ಹೊಳೆಗೆ ಸಂಬಂಧಿಸಿದ ಯಾವುದೇ ಯೋಜನೆಯಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಪ್ರತಿ ತರಿಸಿಕೊಳ್ಳಿ. ಮತ ಕೇಳಲು ಬಂದವರನ್ನು, ಯಾವ ಪಕ್ಷದವರೇ ಆಗಲಿ, ಈ ಯೋಜನೆಗೆ ನಮ್ಮನ್ನು ಯಾವಾಗ ಕೇಳಿದಿರಿ ಎಂದು ವಿಚಾರಿಸಿ.

ವಿದ್ಯಾರ್ಥಿ ಮಿತ್ರರಿಗೆ ಇನ್ನೊಂದು ಕೆಲಸ. ನಿಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು, ತುರ್ತುಪರಿಸ್ಥಿತಿಯ ದಿನಗಳಲ್ಲಿ ನಮ್ಮ ಊರಿನಲ್ಲಿ ಏನು ನಡೆಯಿತು, ಯಾರು ಮಾತಾಡಿದರು, ಯಾರು ಸುಮ್ಮನಿದ್ದರು, ಏಕೆ ಸುಮ್ಮನಿದ್ದರು ಎಂದು ಕೇಳಿ ಬರೆದುಕೊಳ್ಳಿ. ಆ ತಲೆಮಾರು ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಬರೆದದ್ದನ್ನು ನಮಗೆ ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.